ಪಂಚತಾರಾ ಹೋಟೆಲಿಗೆ ಹೋಗುವ ಮುನ್ನ: ಕೇಳಿ ತಿಳಿಯುವುದರಲ್ಲಿ ಸಣ್ಣತನವಿಲ್ಲ



ಈ ಸಲ ಸಭೆ ಸಮಾರಂಭದ ವರದಿ ಬದಿಗಿಟ್ಟು ಬೇರೊಂದು ವಿಷಯ ಬರೆಯುತ್ತಿದ್ದೇವೆ. ಓದಿದ ಮೇಲೆ ಇದು ಏಕೆ ಬೇಕಿತ್ತು ಎಂಬುದು ನಿಮಗೇ ತಿಳಿಯುತ್ತದೆ.

ಕಳೆದ ವರ್ಷ ನಮ್ಮ ಬಳಗದ ಒಂದು ಮನೆಯ ಮದುವೆ ಬೆಂಗಳೂರಿನಲ್ಲಿ ನಡೆಯಿತು. ಗಂಡಿನ ಕಡೆಯವರು ಅನುಕೂಲಸ್ಥರು. ಹೆಣ್ಣಿನ ಕಡೆಯ ನೆಂಟರಿಷ್ಟರಿಗೆಲ್ಲ ಪಂಚತಾರಾ ಹೋಟೆಲಿನಲ್ಲಿ ರೂಮು ಮಾಡಿದ್ದರು. ಕಾಸರಗೋಡು, ಹೊಸೂರು, ಸೊಲ್ಲಾಪುರ, ಜತ್ತ ಕಡೆಗಳಿಂದ ನಾವು ಹತ್ತು ಹದಿನೈದು ಮಂದಿ ಹೋಗಿದ್ದೆವು. ಎರಡು ದಿನ ಸಂಭ್ರಮವೋ ಸಂಭ್ರಮ. ಮೂರನೆಯ ದಿನ ಬೆಳಗ್ಗೆ ರೂಮು ಬಿಡುವಾಗ ಜತ್ತದ ಕಡೆಯ ನಮ್ಮ ಹಿರಿಯ ಮಾಸ್ತರರ ಕೈಗೆ ಕೌಂಟರಿನಲ್ಲಿ ಒಂದು ಬಿಲ್ಲು ಕೊಟ್ಟರು. ಎರಡು ಪೊಟ್ಟಣ ಗೋಡಂಬಿ, ಒಂದು ಚಾಕೊಲೇಟು, ಎರಡು ತಂಪು ಪಾನೀಯ: 1,650 ರೂಪಾಯಿ. ಅದರ ಮೇಲೆ ತೆರಿಗೆ 297. ಒಟ್ಟು 1,947 ರೂಪಾಯಿ. ಮಾಸ್ತರರ ಜೇಬಿನಲ್ಲಿ ಇದ್ದದ್ದು ಊರಿಗೆ ಮರಳುವ ಖರ್ಚಿನ 1,200. ಹಿಂದೆ ಸರತಿಯಲ್ಲಿ ಬೀಗರು ನಿಂತಿದ್ದರು. ಅಳಿಯನಿಗೆ ಫೋನು ಮಾಡಿ ಹಣ ತರಿಸಿಕೊಂಡು ಕಟ್ಟಿ, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದರು.

ಆಮೇಲೆ ನಾಲ್ಕು ತಿಂಗಳು ಅವರು ನಮ್ಮ ಯಾವ ಕೂಟಕ್ಕೂ ಬರಲಿಲ್ಲ. ಮನೆಗೇ ಹೋಗಿ ಮಾತಾಡಿಸಿದಾಗ ಹೇಳಿದ್ದು ಇಷ್ಟು: "ಅಲ್ರೀ, ಟೇಬಲ್ ಮ್ಯಾಲ ಚಂದಗೆ ಜೋಡಿಸಿ ಇಟ್ಟಿದ್ರು. ಬಂದವರಿಗಂತನ ಇಟ್ಟಾರ ಅಂತ ತಿಳಕೊಂಡೆ. ಗೊತ್ತಿದ್ರ ಮುಟ್ತಿರಲಿಲ್ಲ."

ತಪ್ಪು ಅವರದಲ್ಲ. ಮನೆಗೆ ಬಂದವರ ಮುಂದೆ ತಟ್ಟೆ ಇಟ್ಟರೆ ಅದು ತಿನ್ನಲಿಕ್ಕೇ ಎಂದು ತಿಳಿದು ಬೆಳೆದವರು ನಾವು. ದೊಡ್ಡ ಹೋಟೆಲಿನವರೂ ನಮ್ಮನ್ನು ಅತಿಥಿ ಎಂದೇ ಕರೆಯುತ್ತಾರೆ, ಕೈಮುಗಿದು ಬರಮಾಡಿಕೊಳ್ಳುತ್ತಾರೆ. ಆದರೆ ಅಲ್ಲಿನ ಸತ್ಕಾರಕ್ಕೆ ಒಂದು ಲೆಕ್ಕವಿದೆ. ಯಾವುದು ಬಾಡಿಗೆಯಲ್ಲಿ ಸೇರಿದೆ, ಯಾವುದು ಸೇರಿಲ್ಲ ಎಂಬುದು ಪದೇ ಪದೇ ಹೋಗಿ ಬಂದವರಿಗೆ ಗೊತ್ತು. ಮೊದಲ ಸಲ ಹೋದವರಿಗೆ ಯಾರೂ ಹೇಳುವುದಿಲ್ಲ. ಈಗ ಮಕ್ಕಳ ಮದುವೆ, ಕಂಪನಿಯ ಸಮಾವೇಶ, ಪ್ರಶಸ್ತಿ ಸಮಾರಂಭ ಎಂದು ಗಡಿನಾಡಿನ ನಮ್ಮವರೂ ಇಂಥ ಹೋಟೆಲುಗಳಲ್ಲಿ ಉಳಿಯುವ ಸಂದರ್ಭ ಹೆಚ್ಚುತ್ತಿದೆ. ಅದಕ್ಕಾಗಿ, ನಮ್ಮಲ್ಲಿ ಹೋಗಿ ಬಂದವರೆಲ್ಲ ಕುಳಿತು, ತಿಳಿದದ್ದನ್ನು ಒಂದೆಡೆ ಸೇರಿಸಿದ್ದೇವೆ.

ಹೋಟೆಲ್ ಎಂಬ ಮಾತು

ಮೊದಲು ಆ ಪದದಲ್ಲೇ ಒಂದು ತೊಡಕಿದೆ. ನಮ್ಮ ಬಾಯಲ್ಲಿ ಹೋಟೆಲ್ ಎಂದರೆ ಇಡ್ಲಿ, ವಡೆ, ಕಾಫಿ. ಮಲಗುವ ಜಾಗಕ್ಕೆ ಲಾಡ್ಜು. ಪಂಚತಾರಾ ಹೋಟೆಲಿನಲ್ಲಿ ಇವೆರಡೂ ಒಂದೇ ಸೂರಿನಡಿ ಇವೆ. ಆದರೆ ಎರಡರ ಲೆಕ್ಕ ಬೇರೆ ಬೇರೆ.

ಹಾಗೆಂದು ಅದು ನಮಗೆ ತೀರ ಹೊರಗಿನ ಲೋಕವೂ ಅಲ್ಲ. ಕಡಂದಲೆಯ ಕೃಷ್ಣರಾಯರು ದಕ್ಷಿಣ ಕನ್ನಡದಿಂದ ಮದರಾಸಿಗೆ ಹೋಗಿ, ಕೂಲಿಯಿಂದ ಶುರುಮಾಡಿ, 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬೈಯಲ್ಲಿ ಇಡ್ಲಿ ದೋಸೆಯ 'ಸತ್ಕಾರ್' ನಡೆಸುತ್ತಿದ್ದ ಕಾಮತ್ ಕುಟುಂಬದ ವಿಠ್ಠಲ ಕಾಮತರು ಅದೇ ಊರಿನಲ್ಲಿ 'ಆರ್ಕಿಡ್' ಎಂಬ ಪಂಚತಾರಾ ಹೋಟೆಲನ್ನೇ ಎಬ್ಬಿಸಿದರು. ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಸದಸ್ಯರಲ್ಲಿ ಹಲವರು ಅವರ ಮರಾಠಿ ಆತ್ಮಕಥೆ 'ಇಡ್ಲಿ, ಆರ್ಕಿಡ್ ಆಣಿ ಮೀ' ಓದಿರಬಹುದು. ಲೀಲಾ ಹೋಟೆಲುಗಳನ್ನು ಕಟ್ಟಿದ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ಕಾಸರಗೋಡಿನ ನೆರೆಯ ಕಣ್ಣೂರಿನವರು. ಬಟ್ಟೆ ರಫ್ತಿನ ವ್ಯಾಪಾರದಲ್ಲಿದ್ದವರು, ಅರವತ್ತು ದಾಟಿದ ಮೇಲೆ ಹೋಟೆಲಿಗೆ ಕೈಹಾಕಿದರು. ಮೈಸೂರಿನ ಲಲಿತಮಹಲ್, ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಮತ್ತಿತರ ಗಣ್ಯರ ವಾಸಕ್ಕೆಂದು ಕಟ್ಟಿಸಿದ ಅರಮನೆ, 1974ರಲ್ಲಿ ಹೋಟೆಲಾಯಿತು. ಮುಂಬೈಯ ತಾಜ್ ಮಹಲ್ ಹೋಟೆಲು 1903ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.

ನಕ್ಷತ್ರದ ವಿಷಯವನ್ನೂ ಹೇಳಿಬಿಡುತ್ತೇವೆ. ಒಂದರಿಂದ ಐದರವರೆಗಿನ ನಕ್ಷತ್ರ ಮತ್ತು ಅದರ ಮೇಲಿನ 'ಫೈವ್ ಸ್ಟಾರ್ ಡೀಲಕ್ಸ್' ದರ್ಜೆಯನ್ನು ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಒಮ್ಮೆ ಕೊಟ್ಟರೆ ಐದು ವರ್ಷ. ಇದು ಹೋಟೆಲಿನವರು ತಾವಾಗಿ ಅರ್ಜಿ ಹಾಕಿ ಪಡೆಯುವಂಥದ್ದು, ಕಡ್ಡಾಯವಲ್ಲ. ಬುಕಿಂಗ್ ಆ್ಯಪುಗಳಲ್ಲಿ ಕಾಣುವ ನಕ್ಷತ್ರ ಎಷ್ಟೋ ಸಲ ಆ ಆ್ಯಪಿನವರೇ ಇಟ್ಟದ್ದು. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ರೂಮು ಬುಕ್ ಮಾಡುವಾಗ

ಬಾಡಿಗೆ ಎಷ್ಟು ಎಂದು ಕೇಳಿದರೆ ಸಾಲದು. ಆ ಬಾಡಿಗೆಯಲ್ಲಿ ಏನೇನು ಸೇರಿದೆ ಎಂದು ಕೇಳಬೇಕು. ಹೋಟೆಲಿನವರು ಇದಕ್ಕೆ ನಾಲ್ಕು ಸಂಕೇತ ಬಳಸುತ್ತಾರೆ. ಇಪಿ ಎಂದರೆ ಬರೀ ರೂಮು. ಸಿಪಿ ಎಂದರೆ ರೂಮು ಮತ್ತು ಬೆಳಗಿನ ತಿಂಡಿ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಊಟ. ಎಪಿ ಎಂದರೆ ತಿಂಡಿ, ಎರಡು ಊಟ ಎಲ್ಲವೂ. ದೊಡ್ಡ ಹೋಟೆಲಿನಲ್ಲಿ ಒಬ್ಬರ ತಿಂಡಿಯ ಬೆಲೆಯೇ ನಮ್ಮೂರಿನ ಲಾಡ್ಜಿನ ಬಾಡಿಗೆಯಷ್ಟು ಇರುವುದುಂಟು. ಹಾಗಾಗಿ ಇಪಿಯೋ ಸಿಪಿಯೋ ಎಂಬ ಒಂದು ಪ್ರಶ್ನೆಗೆ ತುಂಬ ಬೆಲೆಯಿದೆ.

ಎರಡನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18. ಈ ಗೆರೆಯ ಆಚೆ ಈಚೆ ಎಷ್ಟು ವ್ಯತ್ಯಾಸ ನೋಡಿ. 7,500ರ ರೂಮಿಗೆ ತೆರಿಗೆ 375, ಕೊಡಬೇಕಾದ್ದು 7,875. 8,000ದ ರೂಮಿಗೆ ತೆರಿಗೆ 1,440, ಕೊಡಬೇಕಾದ್ದು 9,440. ಬಾಡಿಗೆ ಹೆಚ್ಚಾದದ್ದು 500, ಕೈಬಿಟ್ಟದ್ದು 1,565. ತೆರಿಗೆ ಬೀಳುವುದು ಬೋರ್ಡಿನ ಮೇಲೆ ಬರೆದ ದರಕ್ಕಲ್ಲ, ನಿಜವಾಗಿ ಪಡೆಯುವ ಬಾಡಿಗೆಗೆ. ಆದ್ದರಿಂದ ರಿಯಾಯಿತಿ ಕೇಳಿ ಬಾಡಿಗೆ ಆ ಗೆರೆಯೊಳಗೆ ಬಂದರೆ ಎರಡು ಕಡೆ ಉಳಿತಾಯ.

ಮೂರನೆಯದು, ನಮ್ಮಂಥ ದೂರದ ಊರಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಸಮಯ. ಲಾಡ್ಜುಗಳಲ್ಲಿ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವಿರುತ್ತದೆ: ಬೆಳಗ್ಗೆ ಆರಕ್ಕೆ ಹೊಕ್ಕರೆ ಮರುದಿನ ಆರಕ್ಕೆ ಬಿಟ್ಟರಾಯಿತು. ದೊಡ್ಡ ಹೋಟೆಲಿನಲ್ಲಿ ಹಾಗಲ್ಲ. ಮಧ್ಯಾಹ್ನ 2 ಅಥವಾ 3ಕ್ಕೆ ರೂಮು ಕೊಟ್ಟು, ಮರುದಿನ 11 ಅಥವಾ 12ಕ್ಕೆ ಬಿಡಿಸಿಕೊಳ್ಳುತ್ತಾರೆ. ನಾವು ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಐದಕ್ಕೆ ಇಳಿಯುವವರು. ಮದುವೆಗೆ ಹೋದಾಗ ನಮ್ಮವರು ಮೂವರು ಬೆಳಗಿನ ಆರರಿಂದ ಮಧ್ಯಾಹ್ನದವರೆಗೆ ಲಾಬಿಯ ಸೋಫಾದ ಮೇಲೆ ತೂಕಡಿಸಿದರು. ಬೇಗ ರೂಮು ಬೇಕಿದ್ದರೆ ಮೂರು ನಾಲ್ಕು ದಿನ ಮೊದಲೇ ಹೇಳಿಡಿ. ಖಾಲಿಯಿದ್ದರೆ ಹೆಚ್ಚಿನ ಹಣವಿಲ್ಲದೆ ಕೊಡುತ್ತಾರೆ. ಕೆಲವರು ಅರ್ಧ ದಿನದ ಬಾಡಿಗೆ ಕೇಳುತ್ತಾರೆ. ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲೋ ವಾಟ್ಸ್‌ಆ್ಯಪಿನಲ್ಲೋ ತರಿಸಿಕೊಳ್ಳಿ. ರೂಮು ಸಿಗದಿದ್ದರೂ ಬ್ಯಾಗುಗಳನ್ನು ಬೆಲ್ ಡೆಸ್ಕಿನಲ್ಲಿ ಚೀಟಿ ಪಡೆದು ಇಡಬಹುದು. ಅದಕ್ಕೆ ಸಾಮಾನ್ಯವಾಗಿ ಹಣವಿಲ್ಲ. ರೂಮು ಬಿಟ್ಟ ಮೇಲೂ ರಾತ್ರಿ ಬಸ್ಸಿನವರೆಗೆ ಹಾಗೆಯೇ ಇಡಬಹುದು.

ಕಡಿಮೆ ಬೆಲೆಗೆ ತೋರಿಸುವ ರೂಮುಗಳಲ್ಲಿ ಕೆಲವನ್ನು ರದ್ದು ಮಾಡಿದರೆ ಒಂದು ರೂಪಾಯಿಯೂ ಮರಳುವುದಿಲ್ಲ. ಊರಲ್ಲಿ ಹಬ್ಬ, ಮಳೆ, ಹಿರಿಯರ ಆರೋಗ್ಯ ಎಂದು ನೂರೆಂಟು ಇರುವ ಮನೆಯವರು ನಾಲ್ಕು ಕಾಸು ಹೆಚ್ಚಾದರೂ ರದ್ದು ಮಾಡಬಹುದಾದ ರೂಮನ್ನೇ ಹಿಡಿಯುವುದು ಕ್ಷೇಮ.

ಗುರುತಿನ ಚೀಟಿ, ಹೆಸರಿನ ಗೊಂದಲ

ರೂಮಿನಲ್ಲಿ ಉಳಿಯುವ ವಯಸ್ಕರೆಲ್ಲರ ಗುರುತಿನ ಚೀಟಿ ಬೇಕು. ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ್ದರಿಂದ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಧಾರ್ ಪ್ರತಿ ಕೊಡಲು ಮನಸ್ಸಿಲ್ಲದವರು ಮೊದಲ ಎಂಟು ಅಂಕಿ ಮರೆಮಾಡಿದ 'ಮಾಸ್ಕ್ಡ್ ಆಧಾರ್' ಅನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಂಡು ಒಯ್ಯಬಹುದು.

ಗಡಿನಾಡಿನವರಿಗೆ ಇಲ್ಲೊಂದು ವಿಶೇಷ ತೊಂದರೆ. ನಮ್ಮ ಹೆಸರುಗಳು ಒಂದೊಂದು ರಾಜ್ಯದ ಕಾಗದದಲ್ಲಿ ಒಂದೊಂದು ರೂಪ ತಾಳಿವೆ. ಹೊಸೂರು, ತಾಳವಾಡಿಯಲ್ಲಿ ಹೆಸರಿನ ಮುಂದೆ ತಂದೆಯ ಇನಿಷಿಯಲ್. ಸೊಲ್ಲಾಪುರ, ಜತ್ತದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಆದೋನಿ, ರಾಯದುರ್ಗದಲ್ಲಿ ಮನೆತನದ ಹೆಸರು ಮೊದಲು. ಕಾಸರಗೋಡಿನಲ್ಲಿ ಮಲಯಾಳದ ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಅಕ್ಷರಗಳೇ ಬದಲು. ಬೀಗರು ನಮ್ಮನ್ನು ಕರೆಯುವ ಹೆಸರಿನಲ್ಲಿ ರೂಮು ಬುಕ್ ಮಾಡಿರುತ್ತಾರೆ. ಕೌಂಟರಿನ ಕಂಪ್ಯೂಟರಿನಲ್ಲಿ ಆಧಾರಿನ ಹೆಸರು ಸಿಗುವುದೇ ಇಲ್ಲ. "ನಿಮ್ಮ ಹೆಸರಿನಲ್ಲಿ ರೂಮಿಲ್ಲ" ಎಂಬ ಮಾತು ಪರ ಊರಿನಲ್ಲಿ, ರಾತ್ರಿ ಹೊತ್ತಿನಲ್ಲಿ ಕೇಳಿದರೆ ಎಂಥವರಿಗೂ ಕಾಲು ನಡುಗುತ್ತದೆ. ಯಾರಾದರೂ ನಿಮಗೆ ರೂಮು ಮಾಡುವುದಾದರೆ ಆಧಾರಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಹೆಸರು ಕಳಿಸಿ. ಬುಕಿಂಗಿನ ಸಂಖ್ಯೆಯನ್ನು ಫೋನಿನಲ್ಲಿಯೂ ಒಂದು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ವಿದೇಶದ ಪೌರತ್ವ ಪಡೆದ ಮಕ್ಕಳು ಜೊತೆಗಿದ್ದರೆ ಅವರ ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ ಕಾರ್ಡಿನ ಮೂಲಪ್ರತಿ ಬೇಕೇ ಬೇಕು. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಹೋಟೆಲಿನವರು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ.

ಬಾಗಿಲಿನಿಂದ ಕೌಂಟರಿನವರೆಗೆ

ಗೇಟಿನಲ್ಲಿ ಕಾರಿನ ಡಿಕ್ಕಿ ತೆರೆಸುತ್ತಾರೆ, ಬ್ಯಾಗನ್ನು ಯಂತ್ರದಲ್ಲಿ ಹಾಯಿಸುತ್ತಾರೆ. 2008ರ ನವೆಂಬರ್ 26ರಂದು ಮುಂಬೈಯ ಹೋಟೆಲುಗಳ ಮೇಲೆ ದಾಳಿಯಾದ ಮೇಲೆ ಈ ತಪಾಸಣೆ ಬಿಗಿಯಾಯಿತು. ಎಲ್ಲರಿಗೂ ಒಂದೇ ನಿಯಮ. ನಮ್ಮನ್ನೇ ಅನುಮಾನಿಸಿದರೆಂದು ಬೇಸರಿಸಬೇಕಿಲ್ಲ. ನಮ್ಮ ಅತ್ತೆಯೊಬ್ಬರ ಎಲೆಯಡಿಕೆಯ ಚೀಲದಲ್ಲಿದ್ದ ಅಡಕತ್ತರಿ ಯಂತ್ರದಲ್ಲಿ ಕಂಡು, ಚೀಲ ಬಿಚ್ಚಿ ತೋರಿಸಬೇಕಾಯಿತು. ಭದ್ರತೆಯ ಹುಡುಗ ಅದೇನೆಂದು ತಿಳಿದು ನಕ್ಕು ಬಿಟ್ಟುಕೊಟ್ಟ. ಅಂಥದ್ದಿದ್ದರೆ ಮೊದಲೇ ಹೇಳಿಬಿಡಿ.

ಕೌಂಟರಿನಲ್ಲಿ ರೂಮಿನ ಬಾಡಿಗೆಯಲ್ಲದೆ ಇನ್ನೊಂದು ಮೊತ್ತವನ್ನು ಠೇವಣಿಯಾಗಿ ಕೇಳುತ್ತಾರೆ. ಊಟ, ಬಟ್ಟೆ ಒಗೆಸುವುದು ಇತ್ಯಾದಿ ಮುಂದಿನ ಖರ್ಚಿಗೆ ಅದು ಭದ್ರತೆ. ಕ್ರೆಡಿಟ್ ಕಾರ್ಡು ಕೊಟ್ಟರೆ ಅಷ್ಟು ಮೊತ್ತವನ್ನು ತಡೆದಿಡುತ್ತಾರೆ, ಲೆಕ್ಕ ಮುಗಿದ ಮೇಲೆ ಬಿಡುತ್ತಾರೆ. ಡೆಬಿಟ್ ಕಾರ್ಡಿನಲ್ಲಾದರೆ ಖಾತೆಯಲ್ಲಿರುವ ನಮ್ಮ ಸ್ವಂತ ಹಣವೇ ಸಿಕ್ಕಿಬೀಳುತ್ತದೆ; ಮರಳಿ ಕೈಗೆ ಬರಲು ಕೆಲವು ದಿನ ಹಿಡಿಯಬಹುದು. ಪಿಂಚಣಿ ಬರುವ ಖಾತೆಯ ಕಾರ್ಡನ್ನು ಇದಕ್ಕೆ ಕೊಡಬೇಡಿ. ನಗದು ಕೊಟ್ಟರೆ ರಸೀದಿ ಪಡೆಯಿರಿ.

ಬೇರೆಯವರು ನಿಮ್ಮ ರೂಮಿನ ಹಣ ಕೊಡುತ್ತಿದ್ದರೆ ಕೌಂಟರಿನಲ್ಲೇ ಸ್ಪಷ್ಟ ಮಾಡಿಕೊಳ್ಳಿ: ಅವರು ಕೊಡುವುದು ರೂಮಿಗೆ ಮಾತ್ರವೇ, ಊಟಕ್ಕೂ ಸೇರಿಯೇ? ಮದುವೆ, ಸಮಾವೇಶಗಳಲ್ಲಿ ಸಾಮಾನ್ಯವಾಗಿ ರೂಮು ಮತ್ತು ತಿಂಡಿ ಕರೆದವರದು, ಉಳಿದದ್ದು ಉಳಿದವರದು. ಮಾಸ್ತರರಿಗೆ ಈ ಒಂದು ಮಾತು ಗೊತ್ತಿದ್ದರೆ ಸಾಕಿತ್ತು. "ನನ್ನ ರೂಮಿಗೆ ಬೇರೆ ಯಾವ ಖರ್ಚನ್ನೂ ಬರೆಯಬೇಡಿ, ಮಿನಿಬಾರ್ ಖಾಲಿ ಮಾಡಿಸಿ" ಎಂದು ಕೇಳಿದರೆ ಮಾಡಿಸುತ್ತಾರೆ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ಕೋಟ್ಯಧಿಪತಿಗಳೂ ಮಕ್ಕಳ ಜೊತೆ ಹೋದಾಗ ಹೀಗೆ ಹೇಳುವುದುಂಟು.

ರೂಮಿನೊಳಗೆ

ಬೀಗದ ಕೈ ಬದಲು ಒಂದು ಕಾರ್ಡು ಕೊಡುತ್ತಾರೆ. ಬಾಗಿಲಿಗೆ ತಾಗಿಸಿದರೆ ತೆರೆಯುತ್ತದೆ. ಒಳಗೆ ಬಾಗಿಲ ಪಕ್ಕದ ಗೋಡೆಯಲ್ಲಿರುವ ಗೂಡಿಗೆ ಅದನ್ನು ಸೇರಿಸಿದರೆ ಮಾತ್ರ ದೀಪ, ಎಸಿ ಬರುತ್ತವೆ. ಹಲವು ಕಡೆ ಲಿಫ್ಟಿಗೂ ಅದೇ ಕಾರ್ಡು ಬೇಕು. ಹೊರಗೆ ಬರುವಾಗ ಮರೆತು ಬಾಗಿಲು ಹಾಕಿಕೊಂಡರೆ ಗಾಬರಿ ಬೇಡ, ಕೌಂಟರಿನಲ್ಲಿ ಗುರುತು ತೋರಿಸಿದರೆ ಬೇರೆ ಕಾರ್ಡು ಕೊಡುತ್ತಾರೆ.

ಸಾಮಾನ್ಯವಾಗಿ ಹಣವಿಲ್ಲದವು: 'ಕಾಂಪ್ಲಿಮೆಂಟರಿ' ಎಂದು ಬರೆದ ನೀರಿನ ಬಾಟಲಿ, ಕೆಟಲಿನ ಪಕ್ಕದ ಚಹಾ, ಕಾಫಿ, ಸಕ್ಕರೆಯ ಪುಡಿಕೆಗಳು, ಸೋಪು, ಶಾಂಪೂ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಇಸ್ತ್ರಿ ಪೆಟ್ಟಿಗೆ, ಹೆಚ್ಚಿನ ದಿಂಬು, ಹೊದಿಕೆ, ಒಡವೆ ಇಡುವ ಲಾಕರು, ವೈಫೈ.

ಸಾಮಾನ್ಯವಾಗಿ ಹಣ ಬೀಳುವವು: ಮಿನಿಬಾರ್, ಅಂದರೆ ಸಣ್ಣ ಫ್ರಿಜ್ಜಿನೊಳಗೆ ಮತ್ತು ಅದರ ಮೇಲಿನ ತಟ್ಟೆಯಲ್ಲಿ ಇಟ್ಟ ತಿಂಡಿ, ಪಾನೀಯ, ರೂಮಿಗೆ ತರಿಸಿದ ಊಟ, ಒಗೆಯಲು ಕೊಟ್ಟ ಬಟ್ಟೆ (ಅಂಗಿಗೆ ಇಷ್ಟು, ಪಂಚೆಗೆ ಇಷ್ಟು ಎಂದು ಬಿಡಿಬಿಡಿಯಾಗಿ), ಹೊರಗಿನ ಫೋನು ಕರೆ, ಮಸಾಜು, ಹೋಟೆಲಿನ ಕಾರು. ಕೆಲವು ಮಿನಿಬಾರುಗಳಲ್ಲಿ ಸಾಮಾನು ಎತ್ತಿದರೇ ಲೆಕ್ಕ ಬರೆದುಕೊಳ್ಳುವ ಯಂತ್ರವಿರುತ್ತದೆ. ಹಾಗಾಗಿ ಇನ್ಸುಲಿನ್ ಇಡಲು ಅಲ್ಲಿನದನ್ನು ಸರಿಸಬೇಡಿ. ಹೌಸ್‌ಕೀಪಿಂಗಿಗೆ ಫೋನು ಮಾಡಿ, ಔಷಧಿ ಇಡಬೇಕೆಂದು ಹೇಳಿ. ಅವರೇ ಜಾಗ ಮಾಡಿಕೊಡುತ್ತಾರೆ.

ಸ್ನಾನದ ಮನೆಯ ಬಗ್ಗೆ ಹಿರಿಯರಿಗೆ ಎರಡು ಮಾತು. ನಯವಾದ ಕಲ್ಲು, ಎತ್ತರದ ತೊಟ್ಟಿ, ಜಾರುವ ನೆಲ, ಮನೆಯ ಬಚ್ಚಲಿನಂತಲ್ಲ. ಜಾರದ ಚಾಪೆ, ಕೂರಲು ಸ್ಟೂಲು, ಬಕೆಟ್ಟು ಮತ್ತು ಮಗ್ಗು ಬೇಕೆಂದು ಕೇಳಿ. ನಮ್ಮ ದೇಶದ ಬಹುತೇಕ ದೊಡ್ಡ ಹೋಟೆಲುಗಳಲ್ಲಿ ಇವನ್ನು ಕೇಳಿದವರಿಗೆಂದೇ ಇಟ್ಟಿರುತ್ತಾರೆ. ಶವರಿನ ಹಿಡಿಯನ್ನು ಒಮ್ಮೆಲೇ ತಿರುಗಿಸಬೇಡಿ, ಸುಡುನೀರು ತಲೆಯ ಮೇಲೆ ಸುರಿದೀತು.

ಬೆಳಗ್ಗೆ ಸ್ನಾನ ಮಾಡಿ ಊದುಬತ್ತಿ, ಕರ್ಪೂರ ಹಚ್ಚುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ರೂಮಿನ ಮಾಳಿಗೆಯಲ್ಲಿ ಹೊಗೆ ಕಂಡುಹಿಡಿಯುವ ಯಂತ್ರವಿರುತ್ತದೆ. ಗಂಟೆ ಹೊಡೆದುಕೊಂಡು ಸಿಬ್ಬಂದಿ ಓಡಿ ಬರುತ್ತಾರೆ. ಆ ಎರಡು ದಿನ ಕೈಮುಗಿದರೆ ದೇವರು ಒಪ್ಪಿಯಾನು. ಬಾಗಿಲ ಹಿಂದೆ ಅಂಟಿಸಿರುವ ನಕ್ಷೆಯಲ್ಲಿ ಬೆಂಕಿ ಬಿದ್ದರೆ ಇಳಿಯುವ ಮೆಟ್ಟಿಲು ಎಲ್ಲಿದೆ ಎಂದು ಹೋದ ದಿನವೇ ನೋಡಿಟ್ಟುಕೊಳ್ಳಿ.

ಟವೆಲು, ಸ್ನಾನದ ನಿಲುವಂಗಿ, ಕೆಟಲು ಹೋಟೆಲಿನವು. ಉಳಿದ ಸೋಪು, ಶಾಂಪೂ ತಂದರೆ ಯಾರೂ ಏನೂ ಅನ್ನುವುದಿಲ್ಲ.

ಊಟ, ತಿಂಡಿ, ನೀರು

ತಿಂಡಿ ಬಾಡಿಗೆಯಲ್ಲಿ ಸೇರಿದ್ದರೆ ಬಫೆಯಲ್ಲಿ ಎಷ್ಟು ಸಲ ಬೇಕಾದರೂ ಬಡಿಸಿಕೊಳ್ಳಬಹುದು. ಕಟ್ಟಿಕೊಂಡು ಹೋಗುವ ಹಾಗಿಲ್ಲ. ಹತ್ತು, ಹತ್ತೂವರೆಗೆ ಮುಗಿಯುತ್ತದೆ, ಸಮಯ ಕೇಳಿಕೊಳ್ಳಿ. ಸಸ್ಯಾಹಾರ, ಮಾಂಸಾಹಾರ ಅಕ್ಕಪಕ್ಕದಲ್ಲೇ ಇರಬಹುದು, ಮುಂದಿಟ್ಟ ಚೀಟಿ ಓದಿ. ಅನುಮಾನವಿದ್ದರೆ ಬಡಿಸುವವರನ್ನು ಕೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು 'ಜೈನ್ ಊಟ' ಎಂದು ಹೇಳಿದರೆ ಅಡಿಗೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಸಕ್ಕರೆ ಕಾಯಿಲೆಯವರು ಬೇಕಾದ್ದನ್ನು ಹೇಳಿ ಮಾಡಿಸಿಕೊಳ್ಳಬಹುದು.

ಮಿಕ್ಕ ಊಟವನ್ನು ಅಲ್ಲಿಯೇ ಮಾಡಲೇಬೇಕೆಂದೇನೂ ಇಲ್ಲ. 7,500ಕ್ಕಿಂತ ಹೆಚ್ಚಿನ ಬಾಡಿಗೆಯ ರೂಮುಗಳ ದೊಡ್ಡ ಹೋಟೆಲಿನೊಳಗಿನ ಊಟಕ್ಕೆ ಜಿಎಸ್‌ಟಿ ಶೇ. 18, ರಸ್ತೆ ದಾಟಿ ಸಾಮಾನ್ಯ ದರ್ಶಿನಿಯಲ್ಲಿ ಉಂಡರೆ ಶೇ. 5. ಬೆಲೆಯ ವ್ಯತ್ಯಾಸವಂತೂ ಹೇಳುವುದೇ ಬೇಡ. ಊರಿನಿಂದ ಕಟ್ಟಿ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ರೂಮಿನಲ್ಲಿ ತಿಂದರೆ ಸಾಮಾನ್ಯವಾಗಿ ಆಕ್ಷೇಪವಿಲ್ಲ. ಅಲ್ಲಿನ ಊಟದ ಹಾಲಿಗೆ ಒಯ್ಯಬಾರದು.

ಮೇಜಿನ ಮೇಲೆ ಕೂತ ಕೂಡಲೇ "ಯಾವ ನೀರು?" ಎಂದು ಕೇಳುತ್ತಾರೆ. ಬಾಟಲಿ ನೀರು ಎಂದರೆ ಬಿಲ್ಲಿನಲ್ಲಿ ಬರುತ್ತದೆ, ಅದೂ ಬಾಟಲಿಯ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚಿಗೆ. ಹೋಟೆಲು, ರೆಸ್ಟೋರೆಂಟಿನಲ್ಲಿ ಕುಳಿತು ಕುಡಿಯುವ ಬಾಟಲಿ ನೀರಿಗೆ ಎಂಆರ್‌ಪಿ ಮಿತಿ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. "ಮಾಮೂಲಿ ಫಿಲ್ಟರ್ ನೀರು ಕೊಡಿ" ಎಂದರೆ ಮುಗಿಯಿತು.

ಇನ್ನು ಸೇವಾ ಶುಲ್ಕ. ಇದು ಸರ್ಕಾರದ ತೆರಿಗೆಯಲ್ಲ, ಹೋಟೆಲಿನವರು ತಾವಾಗಿ ಹಾಕುವುದು. ಇದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಎಂದು ಮೆಲ್ಲಗೆ ಹೇಳಿ. ಸೇವೆ ಹಿಡಿಸಿ ಭಕ್ಷೀಸು ಕೊಡಬೇಕೆನಿಸಿದರೆ ಆ ಹುಡುಗನ ಕೈಗೇ ಕೊಡಿ. ಕೊಡದಿದ್ದರೂ ತಪ್ಪಲ್ಲ.

ಮಾತು

ದೊಡ್ಡ ಹೋಟೆಲಿನಲ್ಲಿ ಇಂಗ್ಲಿಷ್ ಬಾರದಿದ್ದರೆ ಹೇಗೆ ಎಂಬ ಅಳುಕು ನಮ್ಮ ಹಲವು ಹಿರಿಯರಿಗಿದೆ. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಗಡಿನಾಡಿನವರು ಶ್ರೀಮಂತರು. ಕಾಸರಗೋಡಿನವರಿಗೆ ಕನ್ನಡ, ತುಳು, ಮಲಯಾಳ. ಸೊಲ್ಲಾಪುರದವರಿಗೆ ಕನ್ನಡ, ಮರಾಠಿ, ಹಿಂದಿ, ಎಷ್ಟೋ ಮಂದಿಗೆ ತೆಲುಗು. ಹೊಸೂರಿನವರಿಗೆ ಕನ್ನಡ, ತಮಿಳು, ತೆಲುಗು. ಕೌಂಟರಿನಲ್ಲಿರುವವರು ಕೇರಳದವರಿರಬಹುದು, ಬ್ಯಾಗು ಹೊರುವವರು ಒಡಿಶಾದವರೋ ಅಸ್ಸಾಮಿನವರೋ ಇರಬಹುದು. ಅವರೂ ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ಮೊದಲು ಕನ್ನಡದಲ್ಲೇ ಶುರುಮಾಡಿ. ಆಗದಿದ್ದರೆ ಬಾಯಲ್ಲಿರುವ ಮತ್ತೊಂದು ಭಾಷೆ ತೆಗೆಯಿರಿ. "ಕನ್ನಡ ಬಲ್ಲವರು ಯಾರಿದ್ದಾರೆ, ಕರೆಯಿರಿ" ಎಂದು ಕೇಳುವ ಹಕ್ಕೂ ನಿಮಗಿದೆ.

ಬಿಲ್ಲು

ರೂಮು ಬಿಡುವ ಬೆಳಗ್ಗೆ ಬಿಲ್ಲು ನೋಡುವುದು ತಡವಾಯಿತು. ಹಿಂದಿನ ರಾತ್ರಿಯೇ ಕೌಂಟರಿಗೆ ಹೋಗಿ "ಇಲ್ಲಿಯತನಕದ ಬಿಲ್ಲು ತೋರಿಸಿ" ಎಂದು ಕೇಳಿ. ಆಗ ಸರತಿಯಿರುವುದಿಲ್ಲ, ಹಿಂದೆ ಬೀಗರೂ ನಿಂತಿರುವುದಿಲ್ಲ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ. ತಿನ್ನದ್ದು, ತರಿಸದ್ದು ಇದ್ದರೆ ನಿಮ್ಮ ಸಹಿಯಿರುವ ಚೀಟಿ ತೋರಿಸಲು ಹೇಳಿ. ತಪ್ಪಾಗಿದ್ದರೆ ತೆಗೆಯುತ್ತಾರೆ; ಅವರಿಗಿದು ದಿನದ ಕೆಲಸ.

ಅಲ್ಲಿಯೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ಕಾರನ್ನು ಹೋಟೆಲಿನವರ ಕೈಗೆ ಕೊಟ್ಟು ನಿಲ್ಲಿಸಿದ್ದರೆ ಚೀಟಿ ಜೋಪಾನ. ಚೀಟಿಯ ಹಿಂದೆ 'ಮಾಲೀಕರ ಹೊಣೆ' ಎಂದು ಅಚ್ಚು ಹಾಕಿದ ಮಾತ್ರಕ್ಕೆ, ತಮ್ಮ ನಿರ್ಲಕ್ಷ್ಯದಿಂದ ಕಾರು ಕಳುವಾದರೆ ಹೋಟೆಲಿನವರು ಕೈತೊಳೆದುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ.

ಮೂರು ಪ್ರಶ್ನೆಗಳು

ಇಷ್ಟೆಲ್ಲ ನೆನಪಿಡುವುದು ಕಷ್ಟವಾದರೆ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಒಂದು, ಈ ಬಾಡಿಗೆಯಲ್ಲಿ ಏನೇನು ಸೇರಿದೆ? ಎರಡು, ನನ್ನ ಪರವಾಗಿ ಬೇರೆಯವರು ಕೊಡುವುದು ಯಾವುದಕ್ಕೆ? ಮೂರು, ರೂಮಿನಲ್ಲಿ ಇಟ್ಟಿರುವುದರಲ್ಲಿ ಯಾವುದಕ್ಕೆ ದುಡ್ಡು?

ಮನೆಗೆ ಹೋಗಿದ್ದ ದಿನ ಮಾಸ್ತರರಿಗೂ ಈ ಮೂರನ್ನೇ ಬರೆದುಕೊಟ್ಟು ಬಂದಿದ್ದೆವು. ಈ ವರ್ಷ ಮೊಮ್ಮಗಳ ಕಂಪನಿಯ ಸಮಾರಂಭಕ್ಕೆಂದು ಅವರನ್ನು ಹೈದರಾಬಾದಿಗೆ ಕರೆದರು. ಮೊದಲು ಒಲ್ಲೆನೆಂದವರು ಕೊನೆಗೆ ಹೊರಟರು. ಕೌಂಟರಿನಲ್ಲಿ ಕನ್ನಡಕ ಏರಿಸಿಕೊಂಡು ಚೀಟಿ ತೆಗೆದು ಒಂದೊಂದಾಗಿ ಓದಿದರಂತೆ. ಎದುರಿಗಿದ್ದ ಹುಡುಗಿ ನಾರಾಯಣಪೇಟೆ ಕಡೆಯವಳು. "ಕನ್ನಡದಾಗ ಹೇಳ್ರಿ ಅಜ್ಜಾರ" ಎಂದು, ಅದೇ ಚೀಟಿಯ ಹಿಂದೆ ಉತ್ತರ ಬರೆದುಕೊಟ್ಟಳಂತೆ. ಹೋದ ತಿಂಗಳ ಕೂಟದಲ್ಲಿ ಆ ಚೀಟಿಯನ್ನು ನಮಗೆಲ್ಲ ತೋರಿಸಿದವರು ಮಾಸ್ತರರೇ. ಈ ಲೇಖನ ಬರೆಯಿರಿ ಎಂದವರೂ ಅವರೇ.

ನಿಮ್ಮ ಮನೆಯ ಹಿರಿಯರು ಇಂಥ ಕಡೆಗೆ ಹೊರಟಿದ್ದರೆ ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ನಾವು ಬಿಟ್ಟದ್ದೇನಾದರೂ ಇದ್ದರೆ ಮುಂದಿನ ಕೂಟದಲ್ಲಿ ತಿಳಿಸಿ, ಸೇರಿಸಿಕೊಳ್ಳುತ್ತೇವೆ.